ಪಾಲ್ ಎರ್ಲಿಖ್ ಮತ್ತು ತಾಯಿಯ ರಕ್ಷೆ

ಅಕ್ಕಸಾಲಿಗನ ತಕ್ಕಡಿಯಲ್ಲಿ ಬಂಗಾರದೆದುರು ಕುಳಿತುಕೊಳ್ಳುವ ಗುಲಗಂಜಿಯನ್ನು ಅರಿಯದ ಕನ್ನಡಿಗನಿಲ್ಲ. ಬೇಲಿಯ ಬಳ್ಳಿಯಲ್ಲಿ ಬಿಡುವ ಆ ಕೆಂಪು ಬೀಜದ ಅಂದಕ್ಕೆ ಮರುಳಾಗದ ಮಕ್ಕಳೂ ಇಲ್ಲ. ಆದರೆ ಅದರ ಗಟ್ಟಿಯಾದ ಸಿಪ್ಪೆಯೊಳಗೆ ಅತಿಘೋರವಾದ ವಿಷವೊಂದು ಅಡಗಿದೆಯೆಂಬುದನ್ನು ಹಿರಿಯರು ಬಲ್ಲರು. ಹರಳುಬೀಜದ ಸಂಗತಿಯೂ ಹಾಗೆಯೇ. ಎಳೆಯ ಕೂಸಿನ ನೆತ್ತಿಗೆ ಒತ್ತುವ ಹರಳೆಣ್ಣೆಯು ನಿರಪಾಯವಾದುದು. ಎಣ್ಣೆಯನ್ನು ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ವಿಷವು ನಿಂತುಬಿಡುತ್ತದೆ. ನಮ್ಮ ಹಿತ್ತಿಲಿನ ಈ ಎರಡು ಬೀಜಗಳ ವಿಷವನ್ನು ಹಿಡಿದುಕೊಂಡು, ನೂರಮೂವತ್ತು ವರ್ಷಗಳಿಗೂ ಹಿಂದೆ ಬರ್ಲಿನ್ ನಗರದ ವೈದ್ಯನೊಬ್ಬನು, ತಾಯಿಯು ತನ್ನ ಗರ್ಭದ ಶಿಶುವಿಗೆ ಅನ್ನವನ್ನಲ್ಲದೆ ಮತ್ತೇನನ್ನು ಕೊಡುತ್ತಾಳೆಂಬ ಪ್ರಶ್ನೆಯನ್ನು ಬಿಡಿಸಿದನು. ಆತನೇ ಪಾಲ್ ಎರ್ಲಿಖ್. ಲೋಕವು ಆತನನ್ನು ಸಾಲ್ವರ್ಸಾನ್ ಎಂಬ ಔಷಧದ ಜನಕನೆಂದು ನೆನೆಯುತ್ತದೆ, ಅದು ನ್ಯಾಯವೇ. ಆದರೆ ೧೮೯೨ರಲ್ಲಿ ಇಲಿಗಳ ಗೂಡುಗಳ ನಡುವೆ ಕುಳಿತು ಆತನು ಮಾಡಿದ ಕೆಲಸವು ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ಕಿರಿದಾದುದಲ್ಲ.

ಎರ್ಲಿಖನು ೧೮೫೪ನೆಯ ಇಸವಿ ಮಾರ್ಚ್ ೧೪ರಂದು ಪ್ರಷ್ಯ ರಾಜ್ಯದ ಸೈಲೀಶಿಯಾ ಪ್ರಾಂತದ ಸ್ಟ್ರೇಲನ್ ಎಂಬ ಚಿಕ್ಕ ಪಟ್ಟಣದಲ್ಲಿ, ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದನು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆಯದು ಮದ್ಯದ ಭಟ್ಟಿ ಮತ್ತು ಛತ್ರದ ಉದ್ಯೋಗ. ತಾಯಿಯ ಕಡೆಯ ಬಂಧುವಾದ ಕಾರ್ಲ್ ವೈಗರ್ಟ್ ಎಂಬುವನು ದೊಡ್ಡ ರೋಗಶಾಸ್ತ್ರಜ್ಞನಾಗಿದ್ದನು. ಪ್ರಾಣಿಗಳ ಅಂಗಾಂಶವನ್ನು ತೆಳುವಾಗಿ ಕೊಯ್ದು, ಕಲ್ಲಿದ್ದಲ ಡಾಂಬರಿನಿಂದ ತಯಾರಾಗುತ್ತಿದ್ದ ಹೊಸ ಬಣ್ಣಗಳಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ವಿದ್ಯೆಯನ್ನು ಹುಡುಗನಿಗೆ ಕಲಿಸಿದವನು ಆತನೇ. ಆ ಬಣ್ಣದ ಹುಚ್ಚು ಎರ್ಲಿಖನನ್ನು ಸಾಯುವವರೆಗೂ ಬಿಡಲಿಲ್ಲ. ಬ್ರೆಸ್ಲೌ, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್ಸಿಗ್ ಎಂದು ನಾಲ್ಕು ವಿಶ್ವವಿದ್ಯಾಲಯಗಳನ್ನು ಸುತ್ತಿ, ೧೮೭೮ರಲ್ಲಿ ಲೈಪ್ಸಿಗ್‌ನಲ್ಲಿ ಬಣ್ಣಕಟ್ಟುವಿಕೆಯ ಸಿದ್ಧಾಂತ ಮತ್ತು ಪ್ರಯೋಗಗಳನ್ನು ಕುರಿತೇ ಪ್ರಬಂಧ ಬರೆದು ವೈದ್ಯ ಪದವಿಯನ್ನು ಪಡೆದನು. ಒಂದು ಬಣ್ಣವು ಒಂದು ಬಗೆಯ ಜೀವಕೋಶವನ್ನು ಹಿಡಿದು, ಪಕ್ಕದ ಕೋಶವನ್ನು ಮುಟ್ಟದೆ ಬಿಡುವುದೇಕೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಆತನು ಜೀವಮಾನವನ್ನು ಕಳೆದನೆಂದರೆ ತಪ್ಪಾಗದು.

ಅದೇ ವರ್ಷ ಆತನು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಫ್ರೆರಿಖ್ಸ್ ಎಂಬ ಆಚಾರ್ಯನ ಕೈಕೆಳಗೆ ಸೇರಿದನು. ಗುರುವು ಶಿಷ್ಯನ ಪ್ರತಿಭೆಯನ್ನು ಅರಿತು ಆತನನ್ನು ತನ್ನ ಪಾಡಿಗೆ ಬಿಟ್ಟನು. ರಕ್ತದ ಬಿಳಿಯ ಕಣಗಳಲ್ಲಿ ಹಲವು ಜಾತಿಗಳುಂಟೆಂಬುದನ್ನು ಬಣ್ಣಗಳ ಮೂಲಕ ತೋರಿಸಿದ್ದು ಈ ಕಾಲದಲ್ಲಿಯೇ. ೧೮೮೨ರಲ್ಲಿ ರಾಬರ್ಟ್ ಕೋಖನು ಕ್ಷಯರೋಗದ ಕ್ರಿಮಿಯನ್ನು ಪ್ರಕಟಪಡಿಸಿದಾಗ, ಅದಕ್ಕೆ ಇನ್ನೂ ಉತ್ತಮವಾಗಿ ಬಣ್ಣ ಕಟ್ಟುವ ಕ್ರಮವನ್ನು ಕಂಡುಹಿಡಿದು ಕೋಖನ ಮೆಚ್ಚುಗೆಯನ್ನು ಗಳಿಸಿದನು. ಮರುವರ್ಷ ಹೆಡ್ವಿಗ್ ಪಿಂಕುಸ್ ಎಂಬ ಕನ್ಯೆಯೊಡನೆ ವಿವಾಹವಾಯಿತು, ಇಬ್ಬರು ಹೆಣ್ಣುಮಕ್ಕಳಾದರು.

ಇಲ್ಲಿಂದ ಮುಂದೆ ಭಾಗ್ಯವು ಮುಖ ತಿರುಗಿಸಿತು. ೧೮೮೫ರಲ್ಲಿ ಫ್ರೆರಿಖ್ಸ್ ತೀರಿಕೊಂಡನು. ಹೊಸದಾಗಿ ಬಂದ ಮುಖ್ಯಸ್ಥನಿಗೆ ಎರ್ಲಿಖನ ಬಣ್ಣದ ಬಾಟಲಿಗಳು ರುಚಿಸಲಿಲ್ಲ. ೧೮೮೮ರಲ್ಲಿ ಆತನು ತನ್ನ ಕಫವನ್ನೇ ಪರೀಕ್ಷಿಸಿದಾಗ, ತಾನೇ ಸುಧಾರಿಸಿದ ಬಣ್ಣದ ಕ್ರಮದಲ್ಲಿ ಕ್ಷಯದ ಕ್ರಿಮಿಗಳು ಕಾಣಿಸಿಕೊಂಡವು. ವಯಸ್ಸು ಮೂವತ್ತನಾಲ್ಕು, ಮನೆಯಲ್ಲಿ ಎಳೆಯ ಮಕ್ಕಳಿಬ್ಬರು. ಹೆಂಡತಿಯೊಡನೆ ಈಜಿಪ್ತ ದೇಶದ ಬಿಸಿಲಿಗೆ ಹೋಗಿ, ೧೮೮೯ರಲ್ಲಿ ಗುಣಮುಖನಾಗಿ ಹಿಂತಿರುಗಿದಾಗ ಆತನಿಗೆ ಯಾವ ಉದ್ಯೋಗವೂ ಇರಲಿಲ್ಲ. ಬರ್ಲಿನ್ನಿನಲ್ಲಿ ಸ್ವಂತದ್ದಾದ ಚಿಕ್ಕ ಪ್ರಯೋಗಶಾಲೆಯೊಂದನ್ನು ಹೂಡಿಕೊಂಡು ಒಬ್ಬನೇ ದುಡಿಯತೊಡಗಿದನು. ಸ್ವಲ್ಪ ಕಾಲದಲ್ಲಿಯೇ ಕೋಖನು ಕರೆದು ತನ್ನ ಹೊಸ ಸಂಸ್ಥೆಯಲ್ಲಿ ಸ್ಥಳ ಕೊಟ್ಟನು. ಗುಲಗಂಜಿ ಮತ್ತು ಹರಳುಬೀಜಗಳ ವಿಷಗಳನ್ನು, ಅಂದರೆ ಆಬ್ರಿನ್ ಮತ್ತು ರೈಸಿನ್ ಎಂಬ ಪದಾರ್ಥಗಳನ್ನು, ಆತನು ಕೈಗೆತ್ತಿಕೊಂಡುದು ಈ ಸಂಧಿಕಾಲದಲ್ಲಿ.

ಆಗಿನ ಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ೧೮೯೦ರಲ್ಲಿ ಬೆಹ್ರಿಂಗ್ ಎಂಬ ಜರ್ಮನ್ ಪಂಡಿತನೂ ಕಿಟಾಸಾಟೊ ಎಂಬ ಜಪಾನೀ ಪಂಡಿತನೂ ಕೂಡಿ, ಧನುರ್ವಾಯು ಮತ್ತು ಡಿಫ್ತೀರಿಯಾ ವಿಷಗಳಿಗೆ ಒಗ್ಗಿಸಲ್ಪಟ್ಟ ಪ್ರಾಣಿಯ ರಕ್ತದ್ರವದಲ್ಲಿ ಆ ವಿಷವನ್ನು ನಿಷ್ಫಲಗೊಳಿಸುವ ಪದಾರ್ಥವೊಂದು ಹುಟ್ಟುತ್ತದೆಂದು ತೋರಿಸಿದ್ದರು. ಇಂದು ನಾವು ಪ್ರತಿಕಾಯವೆಂದು ಕರೆಯುವುದು ಇದನ್ನೇ. ಆ ಜರ್ಮನ್ ಪದವನ್ನು ೧೮೯೧ರಲ್ಲಿ ಬಳಕೆಗೆ ತಂದವನು ಎರ್ಲಿಖನು. ರೋಗಕ್ರಿಮಿಗಳ ವಿಷವನ್ನು ಅಳೆಯುವುದು ಕಷ್ಟ, ಬೀಜಗಳ ವಿಷವನ್ನು ತೂಗಿ ಕೊಡಬಹುದು. ಆದುದರಿಂದ ಆತನು ಇಲಿಗಳಿಗೆ ಮೊದಲು ಅತ್ಯಲ್ಪವಾಗಿ, ಬಳಿಕ ದಿನದಿನಕ್ಕೆ ಹೆಚ್ಚಿಸುತ್ತ, ತಿನಿಸಿನೊಡನೆ ವಿಷವನ್ನು ತಿನ್ನಿಸಿದನು. ಕೆಲವು ವಾರಗಳಲ್ಲಿ ಆ ಇಲಿಗಳು, ಬೇರೆ ಇಲಿಗಳನ್ನು ಅನೇಕ ಪಟ್ಟು ಕೊಲ್ಲಬಲ್ಲ ಪ್ರಮಾಣವನ್ನು ಸಹಿಸಿಕೊಂಡು ಬದುಕಿದವು. ಹರಳಿನ ವಿಷಕ್ಕೆ ಒಗ್ಗಿದ ಇಲಿಯು ಗುಲಗಂಜಿಯ ವಿಷಕ್ಕೆ ಸಾಯುತ್ತಿದ್ದಿತು. ಪ್ರತಿಯೊಂದು ವಿಷಕ್ಕೂ ಅದರದೇ ಪ್ರತಿಕಾಯ, ಬೀಗಕ್ಕೆ ಅದರದೇ ಕೀಲಿಯಿದ್ದಂತೆ.

ಹೀಗೆ ಗಳಿಸಿದ ಶಕ್ತಿಯು ಮಕ್ಕಳಿಗೆ ಬರುವುದೇ? ಬಂದರೆ ಯಾವ ದಾರಿಯಿಂದ? ತಂದೆತಾಯಿಗಳು ಬದುಕಿನಲ್ಲಿ ಸಂಪಾದಿಸಿದ ಗುಣಗಳು ಸಂತತಿಗೆ ಇಳಿಯುವುದೆಂದು ನಂಬಿದ ವಿದ್ವಾಂಸರು ಆ ಕಾಲದಲ್ಲಿ ಬಹಳ ಮಂದಿ ಇದ್ದರು. ಇಳಿಯಲಾರವೆಂದು ವೈಸ್‌ಮನ್ ಎಂಬ ಫ್ರೈಬರ್ಗಿನ ಪಂಡಿತನು ವಾದಿಸುತ್ತಿದ್ದನು. ಎರ್ಲಿಖನು ವಾದಕ್ಕೆ ಇಳಿಯದೆ ಇಲಿಗಳನ್ನೇ ಕೇಳಿದನು. ವಿಷಕ್ಕೆ ಒಗ್ಗಿದ ಗಂಡಿಲಿಯನ್ನು ಸಾಮಾನ್ಯ ಹೆಣ್ಣಿಲಿಯೊಡನೆ ಕೂಡಿಸಿ, ಹುಟ್ಟಿದ ಮರಿಗಳಿಗೆ ವಿಷವನ್ನು ಕೊಟ್ಟನು, ಮರಿಗಳು ಉಳಿಯಲಿಲ್ಲ. ತಂದೆಯು ತಾನು ಗಳಿಸಿದುದರಲ್ಲಿ ಕಾಸಿನಷ್ಟನ್ನೂ ಮಗುವಿಗೆ ದಾಟಿಸಲಾರನೆಂದು ಇದರಿಂದ ಸ್ಪಷ್ಟವಾಯಿತು. ಒಗ್ಗಿದ ಹೆಣ್ಣಿಲಿಯನ್ನು ಸಾಮಾನ್ಯ ಗಂಡಿಲಿಯೊಡನೆ ಕೂಡಿಸಿದಾಗ ಮರಿಗಳು ಬದುಕಿಕೊಂಡವು.

ಸಾಮಾನ್ಯ ಮನುಷ್ಯನಾದರೆ ಇಲ್ಲಿಗೇ ನಿಂತು, ಗುಣವು ತಾಯಿಯ ಕಡೆಯಿಂದ ವಂಶಾನುಗತವಾಗುತ್ತದೆಂದು ಬರೆದುಬಿಡುತ್ತಿದ್ದನು. ಎರ್ಲಿಖನು ಮರಿಗಳನ್ನು ಬೆಳೆಯಲು ಬಿಟ್ಟು, ವಾರವಾರಕ್ಕೆ ಅವುಗಳ ಶಕ್ತಿಯನ್ನು ಪರೀಕ್ಷಿಸಿದನು. ಅದು ಕುಗ್ಗುತ್ತ ಹೋಗಿ, ಕೆಲವು ವಾರಗಳಲ್ಲಿ ಬತ್ತಿಹೋಯಿತು. ಮೊಮ್ಮಕ್ಕಳಲ್ಲಿ ಅದರ ಸುಳಿವೂ ಸಿಕ್ಕಲಿಲ್ಲ. ವಂಶದ ಗುಣವಾದರೆ ಕಣ್ಣಿನ ಬಣ್ಣದಂತೆ ಜೀವವಿರುವ ತನಕ ನಿಲ್ಲಬೇಕಷ್ಟೆ. ಇದು ಗುಣವಲ್ಲ, ಪದಾರ್ಥ. ತಾಯಿಯ ರಕ್ತದಲ್ಲಿ ತಯಾರಾದ ಪ್ರತಿಕಾಯಗಳೇ ಶಿಶುವಿಗೆ ಕೈಗಡವಾಗಿ ಬಂದು, ಖರ್ಚಾಗಿ ಹೋಗುತ್ತವೆ. ತಾನೇ ತಯಾರಿಸಿಕೊಂಡ ರಕ್ಷೆ ಬೇರೆ, ಇನ್ನೊಬ್ಬರಿಂದ ಪಡೆದುಕೊಂಡ ರಕ್ಷೆ ಬೇರೆ ಎಂಬ ಭೇದವನ್ನು ಆತನು ಸ್ಥಾಪಿಸಿದುದು ಹೀಗೆ. ಇಂದಿಗೂ ವೈದ್ಯಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯು ಆ ಭೇದವನ್ನು ಕಲಿಯುತ್ತಾನೆ. ಅದರ ಹಿಂದೆ ಸತ್ತ ಮತ್ತು ಬದುಕಿದ ಇಲಿಮರಿಗಳುಂಟೆಂಬುದು ಎಷ್ಟು ಮಂದಿಗೆ ಗೊತ್ತಿದೆಯೋ ತಿಳಿಯದು.

ಇನ್ನೂ ಒಂದು ಸಂದೇಹ ಉಳಿದಿದ್ದಿತು. ಮರಿಗಳು ತಾಯಿಯ ಗರ್ಭದಲ್ಲಿದ್ದಂತೆಯೇ ಅವಳ ಹಾಲನ್ನೂ ಕುಡಿದಿದ್ದವು. ಎರಡರಲ್ಲಿ ಯಾವುದರ ಮೂಲಕ ರಕ್ಷೆಯು ಬಂದಿತು? ಇದಕ್ಕೆ ಆತನು ಮಾಡಿದ ಉಪಾಯವು ನಮ್ಮ ಅಜ್ಜಿಯರಿಗೂ ಹೊಳೆಯಬಹುದಾದಷ್ಟು ಸರಳವಾದುದು. ಮರಿಗಳನ್ನು ಅದಲುಬದಲು ಮಾಡಿದನು. ಸಾಮಾನ್ಯ ತಾಯಿಯ ಮರಿಗಳನ್ನು ಒಗ್ಗಿದ ತಾಯಿಯ ಮೊಲೆಗೆ ಬಿಟ್ಟನು; ಅವು ದಿನದಿನಕ್ಕೆ ವಿಷವನ್ನು ಸಹಿಸುವ ಶಕ್ತಿಯನ್ನು ಪಡೆದವು. ಹಾಲೂ ಒಂದು ದಾರಿಯೆಂಬುದು ಸಿದ್ಧವಾಯಿತು. ಗರ್ಭವೂ ಹಾಲೂ ಎರಡೂ ದಾರಿಗಳೆಂದು ಆತನು ೧೮೯೨ರಲ್ಲಿ ಪ್ರಕಟಿಸಿದನು. ಬ್ರೀಗರ್ ಎಂಬ ಸಹೋದ್ಯೋಗಿಯೊಡನೆ ಕೂಡಿ, ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಆಡಿನ ಹಾಲಿನಲ್ಲಿ ಪ್ರತಿವಿಷವುಂಟೆಂಬುದನ್ನೂ ತೋರಿಸಿದನು. ೧೮೯೪ರಲ್ಲಿ ಹ್ಯೂಬನರ್ ಎಂಬುವನೊಡನೆ ಧನುರ್ವಾಯುವಿನ ರಕ್ಷೆಯೂ ತಾಯಿಯಿಂದ ಮರಿಗೆ ಬರುವ ಬಗೆಯನ್ನು ಪರಿಶೀಲಿಸಿದನು. ಈ ಧನುರ್ವಾಯುವಿನ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ.

ಎರಡು ದಾರಿಗಳಲ್ಲಿ ಯಾವ ಪ್ರಾಣಿಗೆ ಯಾವುದು ಮುಖ್ಯವೆಂಬುದು ಬಹಳ ಕಾಲದ ಮೇಲೆ ಬಿಡಿಸಲ್ಪಟ್ಟಿತು. ಇಲಿಗಳಲ್ಲಿ ಹೆಚ್ಚಿನ ಪಾಲು ಹುಟ್ಟಿದ ನಂತರ, ಸುಮಾರು ಎರಡು ಮೂರು ವಾರಗಳವರೆಗೆ, ಹಾಲಿನ ಮೂಲಕ ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಮನುಷ್ಯರಲ್ಲಿ ಹುಟ್ಟುವ ಮೊದಲೇ ಜರಾಯುವಿನ, ಅಂದರೆ ನಮ್ಮ ಹೆಂಗಸರು ಮಾಸು ಎನ್ನುವ ಅಂಗದ, ಮೂಲಕ ರಕ್ತದ ಪ್ರತಿಕಾಯಗಳು ಬರುತ್ತವೆ; ತಾಯಿಯ ಹಾಲಿನಲ್ಲಿರುವ ಬೇರೊಂದು ಜಾತಿಯ ಪ್ರತಿಕಾಯವು ರಕ್ತಕ್ಕೆ ಹೋಗದೆ, ಕೂಸಿನ ಗಂಟಲು ಕರುಳುಗಳ ಒಳಗೋಡೆಗೆ ಕಾವಲು ನಿಲ್ಲುತ್ತದೆ. ಹಸುವಿನ ಸ್ಥಿತಿಯು ಇವೆರಡಕ್ಕಿಂತ ಕಠಿನವಾದುದು. ಹಸುವಿನ ಮಾಸು ಪ್ರತಿಕಾಯಗಳನ್ನು ದಾಟಗೊಡುವುದಿಲ್ಲ. ಕರುವು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣದ ಹಾಲಿನಲ್ಲಿ ತಾಯಿಯು ಎಲ್ಲವನ್ನೂ ಒಟ್ಟಿಗೆ ಇಟ್ಟಿರುತ್ತಾಳೆ. ಕರುವಿನ ಕರುಳಿನ ಬಾಗಿಲು ತೆರೆದಿರುವುದಾದರೋ ಸುಮಾರು ಒಂದು ದಿನ ಮಾತ್ರ. ಅದರಲ್ಲಿಯೂ ಮೊದಲ ಕೆಲವು ತಾಸುಗಳೇ ಮುಖ್ಯ. ಗಿಣ್ಣು ಸಿಕ್ಕದ ಕರುಗಳು ಬೇಗನೆ ರೋಗಕ್ಕೆ ತುತ್ತಾಗುವುದನ್ನು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಲಿಟ್ಲ್ ಎಂಬುವರು ೧೯೨೨ರಲ್ಲಿ ತೋರಿಸಿದರು. ಗಿಣ್ಣಕ್ಕೆ ಬೆಲ್ಲ ಏಲಕ್ಕಿಗಳನ್ನು ಬೆರೆಸಿ ಬೇಯಿಸಿ ನೆರೆಹೊರೆಗೆ ಹಂಚುವ ನಮ್ಮವರ ಪದ್ಧತಿಯನ್ನು ಹಳಿಯುವ ಮನಸ್ಸು ನಮಗಿಲ್ಲ, ಆ ರುಚಿಯನ್ನು ನಾವೂ ಬಲ್ಲೆವು. ಆದರೆ ಮೊದಲ ದಿನದ ಹಾಲಿನಲ್ಲಿ ಮೊದಲ ಹಕ್ಕು ಕರುವಿನದು. ಬಾಣಂತಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಮನೆಗಳಿಗೂ ಈ ಮಾತು ಸಲ್ಲುವುದು.

ಎರ್ಲಿಖನ ಕಥೆಗೆ ಮರಳೋಣ. ಬೆಹ್ರಿಂಗನ ಡಿಫ್ತೀರಿಯಾ ಔಷಧವು ಒಂದು ಬಾಟಲಿಯಲ್ಲಿ ಬಲವಾಗಿಯೂ ಮತ್ತೊಂದರಲ್ಲಿ ನೀರಾಗಿಯೂ ಇದ್ದಾಗ, ಅದರ ಶಕ್ತಿಯನ್ನು ಅಳೆಯುವ ಮಾನವನ್ನು ಕಟ್ಟಿಕೊಟ್ಟವನು ಆತನೇ. ಅದರಿಂದ ಐಶ್ವರ್ಯವು ಬೆಹ್ರಿಂಗನಿಗೆ ಬಂದಿತು. ೧೯೦೧ರ ಮೊದಲನೆಯ ನೊಬೆಲ್ ವೈದ್ಯ ಪಾರಿತೋಷಕವೂ ಆತನ ಪಾಲಾಯಿತು. ಇಬ್ಬರ ಸ್ನೇಹವು ಮೊದಲಿನಂತೆ ಉಳಿಯಲಿಲ್ಲ. ೧೮೯೬ರಲ್ಲಿ ಬರ್ಲಿನ್ನಿನ ಹತ್ತಿರದ ಸ್ಟೆಗ್ಲಿಟ್ಸ್‌ನಲ್ಲಿ ಎರ್ಲಿಖನಿಗಾಗಿ ಚಿಕ್ಕದೊಂದು ಸರ್ಕಾರಿ ಸಂಸ್ಥೆಯು ತೆರೆಯಲ್ಪಟ್ಟು, ೧೮೯೯ರಲ್ಲಿ ಫ್ರಾಂಕ್‌ಫರ್ಟ್ ನಗರಕ್ಕೆ ವರ್ಗವಾಯಿತು. ೧೮೯೭ರಲ್ಲಿ ಆತನು ತನ್ನ ಪ್ರಸಿದ್ಧವಾದ ಪಾರ್ಶ್ವಸರಣಿಯ ಸಿದ್ಧಾಂತವನ್ನು ಮಂಡಿಸಿದನು. ಜೀವಕೋಶದ ಮೈಮೇಲೆ ಹಿಡಿಗಳಂತಹ ರಚನೆಗಳಿವೆ, ವಿಷವು ತನಗೊಪ್ಪುವ ಹಿಡಿಯನ್ನು ಹಿಡಿಯುತ್ತದೆ, ಕೋಶವು ಕಳೆದುಕೊಂಡುದಕ್ಕಿಂತ ಹೆಚ್ಚು ಹಿಡಿಗಳನ್ನು ಹುಟ್ಟಿಸಿ ರಕ್ತಕ್ಕೆ ಚೆಲ್ಲುತ್ತದೆ, ಅವೇ ಪ್ರತಿಕಾಯಗಳು. ಈ ಹಿಡಿಗಳಿಗೆ ಮುಂದೆ ಆತನು ಗ್ರಾಹಕಗಳೆಂಬ ಅರ್ಥದ ಹೆಸರಿಟ್ಟನು. ಬಣ್ಣವು ಕೋಶವನ್ನು ಆರಿಸಿ ಹಿಡಿಯುವ ಬಾಲ್ಯದ ಪ್ರಶ್ನೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದುದನ್ನು ವಾಚಕರು ಗಮನಿಸಿರಬಹುದು. ಸಿದ್ಧಾಂತದ ಹಲವು ವಿವರಗಳು ಕಾಲಕ್ರಮದಲ್ಲಿ ಬಿದ್ದುಹೋದವು, ಗ್ರಾಹಕವೆಂಬ ಕಲ್ಪನೆಯು ನಿಂತಿತು. ೧೯೦೮ರಲ್ಲಿ ರಷ್ಯದ ಮೆಚ್ನಿಕಾಫನೊಡನೆ ಆತನಿಗೆ ನೊಬೆಲ್ ಪಾರಿತೋಷಕವು ಸಂದಿತು.

ಮನುಷ್ಯನು ವಿಚಿತ್ರ ಪ್ರಕೃತಿಯವನು. ಕಡುಚುರುಟುಗಳ ಪೆಟ್ಟಿಗೆಯು ಸದಾ ಕಂಕುಳಲ್ಲಿ. ದಿನಕ್ಕೆ ಇಪ್ಪತ್ತೈದಾದರೂ ಸಾಲದು. ಕೋಣೆಯ ಆಸನಗಳ ಮೇಲೆಲ್ಲ ಕಾಗದ ಪುಸ್ತಕಗಳ ರಾಶಿ, ಬಂದವರಿಗೆ ಕುಳಿತುಕೊಳ್ಳಲು ಎಡೆಯಿಲ್ಲ. ಸಹಾಯಕರಿಗೆ ಪ್ರತಿದಿನವೂ ಬಣ್ಣಬಣ್ಣದ ಚೀಟಿಗಳಲ್ಲಿ ಕೆಲಸವನ್ನು ಬರೆದು ಕಳುಹಿಸುತ್ತಿದ್ದನು. ಬೇಸರವಾದಾಗ ಪತ್ತೇದಾರಿ ಕಥೆಗಳನ್ನು ಓದುತ್ತಿದ್ದನು.

೧೯೦೯ರಲ್ಲಿ ಜಪಾನಿನಿಂದ ಬಂದ ಹಾಟಾ ಎಂಬ ಸಹಾಯಕನು, ೬೦೬ ಎಂಬ ಅಂಕಿಯನ್ನು ಹೊತ್ತು ಮೂಲೆಗೆ ಬಿದ್ದಿದ್ದ ಪಾಷಾಣದ ಸಂಯುಕ್ತವೊಂದನ್ನು ಮತ್ತೆ ಪರೀಕ್ಷಿಸಿ, ಅದು ಉಪದಂಶ ರೋಗದ ಕ್ರಿಮಿಯನ್ನು ನಾಶಮಾಡುವುದನ್ನು ಕಂಡನು. ೧೯೧೦ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಿಂದ ಅದು ಲೋಕಕ್ಕೆ ಬಂದಿತು. ಉಪದಂಶವು ತಾಯಿಯಿಂದ ಗರ್ಭಸ್ಥ ಶಿಶುವಿಗೆ ಮಾಸಿನ ಮೂಲಕವೇ ದಾಟಿ ಹೋಗುವ ರೋಗ. ತಾಯಿಯ ರಕ್ಷೆಯು ನಡೆಯುವ ಅಂಗವನ್ನೇ ದಾಟಿ ಶತ್ರುವೂ ನುಸುಳುತ್ತಾನೆಂಬುದು ಯೋಚನೀಯವಾದುದು. ಔಷಧದಿಂದ ಕೀರ್ತಿಯ ಜೊತೆಗೆ ನಿಂದೆಯೂ ಬಂದಿತು. ಕೆಲವರಿಗೆ ಅಪಾಯವಾದುದೂ ನಿಜ. ೧೯೧೪ರಲ್ಲಿ ಮಾತು ನ್ಯಾಯಾಲಯದವರೆಗೆ ಹೋಗಿ, ನಿಂದಿಸಿದವನಿಗೇ ಶಿಕ್ಷೆಯಾಯಿತು.

ಅದೇ ವರ್ಷ ಮಹಾಯುದ್ಧವು ಆರಂಭವಾಯಿತು. ಜರ್ಮನಿಯ ಸೈನ್ಯದ ನಡತೆಯನ್ನು ಸಮರ್ಥಿಸಿ ಅಕ್ಟೋಬರದಲ್ಲಿ ತೊಂಬತ್ತಮೂರು ಮಂದಿ ಪಂಡಿತರು ಹೊರಡಿಸಿದ ಪ್ರಕಟಣೆಗೆ ಎರ್ಲಿಖನೂ ರುಜು ಹಾಕಿದನು. ಬೆಲ್ಜಿಯಮ್ ದೇಶದಲ್ಲಿ ನಡೆದ ಅನ್ಯಾಯವನ್ನು ಅಲ್ಲಗಳೆದ ಆ ಪತ್ರದಲ್ಲಿ ಇಲಿಯ ಮಾತನ್ನೂ ಪರೀಕ್ಷಿಸದೆ ನಂಬದ ಈ ಮನುಷ್ಯನ ಹೆಸರಿರುವುದು ವಿಷಾದಕರವೆಂದು ಹೇಳದೆ ಇರಲಾರೆವು. ೧೯೧೫ನೆಯ ಆಗಸ್ಟ್ ೨೦ರಂದು ಬಾಡ್ ಹೋಂಬರ್ಗ್ ಎಂಬಲ್ಲಿ ಆತನು ತೀರಿಕೊಂಡನು. ವಯಸ್ಸು ಅರವತ್ತೊಂದು. ಯಾವ ದೇಶಕ್ಕಾಗಿ ರುಜು ಹಾಕಿದನೋ ಆ ದೇಶವು ನಾಜಿಗಳ ಕೈಗೆ ಬಿದ್ದಾಗ, ಫ್ರಾಂಕ್‌ಫರ್ಟಿನ ಬೀದಿಯ ಫಲಕದಿಂದ ಆ ಯೆಹೂದ್ಯನ ಹೆಸರು ಅಳಿಸಲ್ಪಟ್ಟಿತು. ಮುದಿ ಹೆಂಡತಿಯು ದೇಶಬಿಟ್ಟು ಹೋಗಬೇಕಾಯಿತು. ಯುದ್ಧಾನಂತರ ಹೆಸರು ಬೀದಿಗೆ ಮರಳಿತು. ೧೯೪೭ರಲ್ಲಿ ಸಂಸ್ಥೆಗೂ ಆತನ ಹೆಸರಿಡಲಾಯಿತು.

ಮಾಸಿನ ಗೋಡೆಯನ್ನು ಪ್ರತಿಕಾಯವು ದಾಟುವುದು ಹೇಗೆಂಬುದನ್ನು ಎರ್ಲಿಖನು ಬಿಡಿಸಲಿಲ್ಲ. ಜರಡಿಯಲ್ಲಿ ಸೋರುವಂತೆ ಸೋರುತ್ತದೆಂದರೆ, ಚಿಕ್ಕ ಕಣಗಳು ನಿಂತು ದೊಡ್ಡದಾದ ಪ್ರತಿಕಾಯವು ಹೋಗುವುದೇಕೆ? ವೇಲ್ಸ್ ಪ್ರಾಂತದ ಬ್ಯಾಂಗರ್ ನಗರದ ಪ್ರಾಣಿಶಾಸ್ತ್ರಜ್ಞ ಬ್ರ್ಯಾಂಬೆಲ್ ಎಂಬುವನು ಮೊಲ ಇಲಿಗಳಲ್ಲಿ ಬಹುಕಾಲ ಶೋಧಿಸಿ, ೧೯೫೮ರಲ್ಲಿ ಅದಕ್ಕೊಂದು ಉತ್ತರವನ್ನು ಸೂಚಿಸಿದನು. ಗೋಡೆಯ ಕೋಶಗಳಲ್ಲಿ ಗ್ರಾಹಕವೊಂದಿರಬೇಕು. ಅದು ಒಂದು ಜಾತಿಯ ಪ್ರತಿಕಾಯದ ಬಾಲವನ್ನು ಹಿಡಿದು ಆಚೆ ಬದಿಗೆ ಮುಟ್ಟಿಸುತ್ತದೆ. ೧೯೮೯ರಲ್ಲಿ ಆ ಗ್ರಾಹಕದ ರಚನೆಯು ಪತ್ತೆಯಾಯಿತು. ಕೋಶದೊಳಗಿನ ಸಣ್ಣ ಚೀಲದ ಹುಳಿಯಲ್ಲಿ ಅದು ಪ್ರತಿಕಾಯವನ್ನು ಬಿಗಿಯಾಗಿ ಹಿಡಿಯುತ್ತದೆ. ಶಿಶುವಿನ ರಕ್ತದ ಬದಿಯಲ್ಲಿ ಹುಳಿ ಇಲ್ಲವಾದಾಗ ಬಿಟ್ಟುಬಿಡುತ್ತದೆ. ಎರ್ಲಿಖನ ಒಂದು ಪ್ರಶ್ನೆಗೆ ಎರ್ಲಿಖನ ಇನ್ನೊಂದು ಕಲ್ಪನೆಯೇ ಉತ್ತರವಾಯಿತು.

ಮನುಷ್ಯರಲ್ಲಿ ಈ ಸಾಗಣೆಯು ಗರ್ಭದ ೧೩ನೆಯ ವಾರದ ಸುಮಾರಿಗೆ ಆರಂಭವಾಗುತ್ತದೆ. ೨೮ರಿಂದ ೩೨ ವಾರಗಳ ಹೊತ್ತಿಗೆ ಶಿಶುವಿನ ರಕ್ತದಲ್ಲಿ ತಾಯಿಯ ಸುಮಾರು ಅರ್ಧದಷ್ಟು ಪ್ರತಿಕಾಯವಿರುತ್ತದೆ. ಕೊನೆಯ ವಾರಗಳಲ್ಲಿ ತಾಯಿಯು ಕೈಬಿಚ್ಚಿ ಕೊಡುತ್ತಾಳೆ. ದಿನ ತುಂಬಿ ಹುಟ್ಟಿದ ಕೂಸಿನಲ್ಲಿ ಅವಳಲ್ಲಿರುವುದಕ್ಕಿಂತ ಹೆಚ್ಚು ಇರುವುದುಂಟು. ದಿನ ತುಂಬದೆ ಹುಟ್ಟಿದ ಕೂಸಿಗೆ ತಪ್ಪಿಹೋಗುವುದು ಈ ಕೊನೆಯ ಪಾಲು. ಈ ದಾರಿಯು ಹಿತವನ್ನಷ್ಟೇ ಸಾಗಿಸುತ್ತದೆಂದೂ ತಿಳಿಯಬಾರದು: ತಾಯಿಯ ರಕ್ತವು ಮಗುವಿನ ಆರ್‌ಎಚ್ ಜಾತಿಯ ರಕ್ತಕಣಗಳಿಗೆ ವಿರುದ್ಧವಾದ ಪ್ರತಿಕಾಯವನ್ನು ತಯಾರಿಸಿದ್ದರೆ, ಅದನ್ನೂ ಗ್ರಾಹಕವು ಅಷ್ಟೇ ನಿಷ್ಠೆಯಿಂದ ದಾಟಿಸುತ್ತದೆ. ೧೯೬೦ರ ದಶಕದ ಕೊನೆಯಲ್ಲಿ ಅದನ್ನು ತಡೆಯುವ ಚುಚ್ಚುಮದ್ದು ಬರುವವರೆಗೆ ಅನೇಕ ಕೂಸುಗಳು ಹೀಗೆ ನಾಶವಾದವು.

ಇನ್ನು ಧನುರ್ವಾಯುವಿನ ಮಾತು. ಹೊಲಸು ಕತ್ತಿಯಿಂದ ಹೊಕ್ಕುಳುಬಳ್ಳಿಯನ್ನು ಕೊಯ್ದ ಕೂಸುಗಳು ಒಂದು ವಾರದಲ್ಲಿ ಮೊಲೆಯುಣ್ಣಲಾರದೆ, ಮೈ ಬಿಲ್ಲಿನಂತೆ ಸೆಟೆದು ಸಾಯುತ್ತಿದ್ದುದನ್ನು ನಮ್ಮ ಹಳ್ಳಿಗಳು ಮರೆತಿಲ್ಲ. ಹುಟ್ಟಿದ ಕೂಸಿಗೆ ಲಸಿಕೆ ಹಾಕಿದರೆ ಅದು ಸ್ವಂತ ಪ್ರತಿಕಾಯವನ್ನು ತಯಾರಿಸಿಕೊಳ್ಳುವಷ್ಟು ವ್ಯವಧಾನವಿಲ್ಲ. ಆದುದರಿಂದ ಬಸುರಿಯ ತೋಳಿಗೆ ಚುಚ್ಚಿ, ಉಳಿದುದನ್ನು ಮಾಸಿಗೆ ಬಿಡುವ ಕ್ರಮವು ಬಂದಿತು. ಈ ಚುಚ್ಚುಮದ್ದಿನಿಂದಲೂ, ಶುಚಿಯಾದ ಹೆರಿಗೆಯಿಂದಲೂ ೨೦೧೫ರಲ್ಲಿ ಭಾರತವು ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿಕೊಂಡಿತು.

ತಾಯಿಯ ಕೈಗಡವು ಕೂಸಿನಲ್ಲಿ ಸುಮಾರು ಮೂರು ನಾಲ್ಕು ವಾರಗಳಿಗೊಮ್ಮೆ ಅರ್ಧಕ್ಕಿಳಿಯುತ್ತ, ವರ್ಷ ತುಂಬುವುದರೊಳಗೆ ತೀರಿಹೋಗುತ್ತದೆ. ಅದು ಇರುವ ತನಕ ದಡಾರದ ಲಸಿಕೆಯು ಚೆನ್ನಾಗಿ ನಾಟುವುದಿಲ್ಲ. ತಾಯಿಯ ಪ್ರತಿಕಾಯವೇ ಲಸಿಕೆಯ ಕ್ರಿಮಿಯನ್ನು ಹೊಡೆದುಹಾಕುತ್ತದೆ. ಅದಕ್ಕಾಗಿಯೇ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಆ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಧನುರ್ವಾಯುವಿಗೆ ಕೂಸಿನ ಸ್ವಂತ ಚುಚ್ಚುಮದ್ದು ಆರನೆಯ ವಾರದಲ್ಲಿ ಆರಂಭವಾಗುತ್ತದೆ.